ಮೈಕ್ ಧರ್ಣಪ್ಪನ ಅಂಗಳದ ಸ್ವರ

ಮಡಂತ್ಯಾರಿನಲ್ಲಿ ಬರಿಯ ಧರ್ಣಪ್ಪ ಎಂದರೆ ಯಾವ ಧರ್ಣಪ್ಪ ಎಂದು ಕೇಳುತ್ತಾರೆ. ಮೈಕ್ ಧರ್ಣಪ್ಪ ಎಂದರೆ ಮನೆಯ ಬಾಗಿಲಿನವರೆಗೆ ತಂದು ಬಿಡುತ್ತಾರೆ. ಮೂವತ್ತು ವರ್ಷಗಳಿಂದ ಭೂತಕೋಲವಿರಲಿ, ದರ್ಗಾದ ಉರೂಸ್ ಇರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಮೈಕ್ ಅವನದೇ. ಊರಿಗೆಲ್ಲ ಕೇಳಿಸುವಂತೆ ಮಾಡುವ ಕಸುಬಿನವನಿಗೆ ಹೆಂಡತಿಯ ಮೂರು ಫೋನ್ ಕರೆಗಳು ಕೇಳಿಸಲಿಲ್ಲ.

ಕಳೆದ ವರ್ಷ ಅಳದಂಗಡಿಯಲ್ಲೊಂದು ಮದುವೆ. ಅವನು ಆಳೆತ್ತರದ ಸ್ಪೀಕರುಗಳ ನಡುವೆ ನಿಂತಿದ್ದಾಗ, ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ವಾರಿಜ ಎದೆ ಹಿಡಿದುಕೊಂಡು ಮೂರು ಸಲ ಕರೆ ಮಾಡಿದ್ದಳು. ಊಟದ ಹೊತ್ತಿಗೆ ಅವನು ಜೇಬಿನಿಂದ ಫೋನ್ ತೆಗೆದಾಗ ಎಲ್ಲ ಮುಗಿದಿತ್ತು. ಅವಳಿಗೆ ಏನು ಹೇಳುವುದಿತ್ತು? ಆ ಪ್ರಶ್ನೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಧರ್ಣಪ್ಪನ ಕುಟುಂಬದವರಲ್ಲಿ ಒಂದು ಕ್ರಮ ಉಂಟು. ಸತ್ತವರ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಸಂಜೆ, ಮನೆಯವರು ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಅವರನ್ನು ಒಳಗೆ ಕರೆಯಬೇಕು. ಆಮೇಲೆ ಅವರು ಹಿರಿಯರ ಸಾಲು ಸೇರಿ ಸುಮ್ಮನಾಗುತ್ತಾರೆ. ಕರೆಯುವವರೆಗೆ ಅಂಗಳವೇ ಗತಿ. ಧರ್ಣಪ್ಪ ಕರೆಯಲಿಲ್ಲ. ವಾರಿಜ ಸುಮ್ಮನಾದರೆ ಅವಳ ಮಾತು ಕೇಳುವುದು ಹೇಗೆ?

ಸತ್ತವರು ಯಂತ್ರದಲ್ಲಿ ಮಾತಾಡುತ್ತಾರೆಂದು ಅವನು ಈ ವರ್ಷದ ಮಳೆಗಾಲದಲ್ಲಿ ಯೂಟ್ಯೂಬಿನಲ್ಲಿ ನೋಡಿದ್ದ. ದಿನಾ ಮಧ್ಯಾಹ್ನ ಊಟವಾದ ಮೇಲೆ ಬೆರಳುದ್ದದ ರೆಕಾರ್ಡರನ್ನು ಜಗಲಿಯಲ್ಲಿದ್ದ ವಾರಿಜಳ ಬೀಡಿ ಎಲೆಯ ಗೆರಸೆಯಲ್ಲಿಟ್ಟು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ನಾಲ್ಕು ಗಂಟೆಗೆ ಹೆಡ್‌ಫೋನ್ ಏರಿಸುತ್ತಿದ್ದ. ಎರಡನೆಯ ವಾರ, ಕಾಗೆ, ಲಾರಿ, ಹಂಚಿನಿಂದ ಇಳಿಯುವ ನೀರು ಎಲ್ಲವನ್ನೂ ಸೋಸಿದ ಮೇಲೆ ತಳದಲ್ಲಿ ಉಸಿರಿನಂಥ ಒಂದು ಸ್ವರ ಸಿಕ್ಕಿತು.

"ಬಲ."

ತುಳುವಿನಲ್ಲಿ ಹಾಗೆಂದರೆ 'ಬಾ'. ಮರುದಿನವೂ ಅದೇ, ಅದರ ಮರುದಿನವೂ ಅದೇ. ವಾರಿಜ ತನ್ನನ್ನು ಕರೆಯುತ್ತಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಅಲ್ಲಿಂದ ಆ ಮನುಷ್ಯ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಉಣ್ಣಲು ಕುಳಿತವನು ಅರ್ಧಕ್ಕೆ ಎದ್ದು ಅಂಗಳ ನೋಡಿ ಬರುತ್ತಿದ್ದ. ಆಂಪ್ಲಿಫೈಯರನ್ನು ಯಾರಿಗೋ ಸುಮ್ಮನೆ ಕೊಟ್ಟ. ಬಿಪಿಯ ಮಾತ್ರೆ ಬಿಟ್ಟ. ಹೊರಟವನಿಗೆ ಮಾತ್ರೆ ಯಾಕೆ?

ಪುತ್ತಿಗೆಗೆ ಮದುವೆಯಾಗಿ ಹೋಗಿದ್ದ ಮಗಳು ಹರಿಣಾಕ್ಷಿ ಇದನ್ನು ಕೇಳಿ ಓಡಿ ಬಂದಳು.

"ಅಪ್ಪಾ, ಅಮ್ಮ ಒಂದು ವರ್ಷದಿಂದ ಹೊರಗೆ ನಿಂತಿದ್ದಾರೆ. ಈ ಮಳೆಯಲ್ಲಿ! ಒಳಗೆ ಕರೆಯುವ."

"ಅವಳು ಕರೀತಿದ್ದಾಳೆ. ನಾನೇ ಹೋಗ್ತೇನೆ."

ಅಪ್ಪ ಸಾಯಲು ಹೊರಟಿದ್ದಾರೆ ಎಂದು ಮಗಳಿಗೆ ಅರ್ಥವಾಯಿತು. ಅವಳು ನೇರ ಪೇಟೆಗೆ ಹೋಗಿ ಅಬ್ದುಲ್ ಸಮದನ ಮೊಬೈಲ್ ಅಂಗಡಿ ಹತ್ತಿದಳು. ಹಿಂದೆ ಧರ್ಣಪ್ಪನ ಜೊತೆ ಮರ ಹತ್ತಿ ಮೈಕಿನ ಹಾರ್ನ್ ಕಟ್ಟುತ್ತಿದ್ದವನು ಸಮದ್. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು, "ನನಗೂ ಕೇಳಿಸಿ ನೋಡುವ" ಎಂದು ಜಗಲಿಯಲ್ಲಿ ಕುಳಿತ. ರೆಕಾರ್ಡರ್ ಓಡುತ್ತಿತ್ತು. ಧರ್ಣಪ್ಪ ಕಣ್ಣು ಬಿಟ್ಟುಕೊಂಡೇ ಇದ್ದೇನೆ ಎಂದುಕೊಂಡಿದ್ದ. ಎರಡೂವರೆಗೆಲ್ಲ ಅವನ ಗಲ್ಲ ಎದೆಗೆ ತಾಗಿತ್ತು. ಮೂರು ಗಂಟೆಯ ಹೊತ್ತಿಗೆ ಅವನ ತುಟಿ ಅಲ್ಲಾಡಿತು.

ಧರ್ಣಪ್ಪ ಎದ್ದು, ಹೆಡ್‌ಫೋನಿನಲ್ಲಿ ಕೇಳಿ, "ನೋಡು, ಇವತ್ತೂ ಕರೆದಳು!" ಎಂದಾಗ ಸಮದ್ ಅವನ ಕೈ ಹಿಡಿದುಕೊಂಡ.

"ಧರ್ಣಪ್ಪಣ್ಣ, ಬೇಜಾರು ಮಾಡಬೇಡಿ. ಅದು ವಾರಿಜಕ್ಕ ಅಲ್ಲ. ನಿದ್ದೆಯಲ್ಲಿ ಹೇಳಿದ್ದು ನೀವು. ನಾನು ಕಣ್ಣಾರೆ ನೋಡಿದ್ದೇನೆ ಮಾರಾಯ್ರೆ."

"ನನ್ನ ಸ್ವರ ನನಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಮೂವತ್ತು ವರ್ಷ ತನ್ನ ಸ್ವರವನ್ನು ಹಾರ್ನಿನಿಂದಲೇ ಕೇಳಿದವನು. ಹಾರ್ನಿಲ್ಲದೆ ಅದು ಇಷ್ಟು ಸಣ್ಣದು ಎಂದು ಅವನಿಗೆ ಯಾರು ಹೇಳಬೇಕು? ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಕೊನೆಗೆ ಅಳು ಬಂತು, ಸಮದನ ಎದುರೇ ಅತ್ತುಬಿಟ್ಟ. ಅವಳು ಕರೆದೇ ಇರಲಿಲ್ಲ. ದಿನಾ ಕರೆಯುತ್ತಿದ್ದವನು ಅವನೇ. ಕರೆಯಬೇಕಾದ ಜಾಗದಲ್ಲಿ ನಿಂತು ಕರೆದಿರಲಿಲ್ಲ, ಅಷ್ಟೇ.

ಆ ಭಾನುವಾರ ಸಂಜೆ ಹರಿಣಾಕ್ಷಿ ಒಳಗೆ ಅಮ್ಮನಿಗೆಂದು ಎಲೆ ಹಾಕಿ ಕೋಳಿಸಾರು, ರೊಟ್ಟಿ ಬಡಿಸಿದಳು. ಧರ್ಣಪ್ಪ ಹೊಸ್ತಿಲಲ್ಲಿ ನಿಂತ. ಅಭ್ಯಾಸಬಲ, 'ಹಲೋ, ಹಲೋ' ಎನ್ನಲು ಬಾಯಿ ತೆರೆದಿತ್ತು, ನುಂಗಿಕೊಂಡ. ಅಂಗಳದಲ್ಲಿ ಮಳೆ ಹನಿಯುತ್ತಿತ್ತು. ರೆಕಾರ್ಡರ್ ಗೆರಸೆಯಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿತ್ತು.

"ವಾರಿಜಾ," ಎಂದ. "ಫೋನು ಎತ್ತಲಿಲ್ಲ ನಾನು. ತಪ್ಪಾಯ್ತು. ಮಳೆಯಲ್ಲಿ ನೆನೆದು ಚಂಡಿ ಆಗ್ಬೇಡ, ಒಳಗೆ ಬಲ."

ಇನ್ನೂ ಎರಡು ಸಲ ಕರೆದ. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.