ಸೀಟಿ ಊದಿದ ಮೇಲಿನ ಒಂದು ನಿಮಿಷ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷ ಇದೆ. ಅಗ್ನಿಶಾಮಕ ಠಾಣೆಯ ಹಿಂದಿನ ಅಂಗಳದಲ್ಲಿ ಮೇಸ್ತ್ರಿ ತಮ್ಮನ್ನು ತಾವೇ ಹೂತುಕೊಳ್ಳಲು ತಯಾರಾಗುತ್ತಿದ್ದಾರೆ. ಅಂಗಿ ಬಿಚ್ಚಿ ಎದೆಗೆ ಸೆನ್ಸರ್ ಪಟ್ಟಿ ಕಟ್ಟಿಕೊಳ್ಳುತ್ತಾರೆ, ಮೇಲೆ ದಪ್ಪ ಬಟ್ಟೆಯ ನಿಲುವಂಗಿ ತೊಡುತ್ತಾರೆ, ಮೊಣಕಾಲಿಗೆ ಹಳೆಯ ರಬ್ಬರು ಕಟ್ಟಿಕೊಳ್ಳುತ್ತಾರೆ. ಮೂರನೇ ಗುಡ್ಡೆಯ ಬುಡದಲ್ಲಿರುವ ಕಿಂಡಿಯ ಮುಂದೆ ಮಂಡಿಯೂರಿ ತೆವಳುತ್ತ ಒಳಗೆ ಹೋಗುತ್ತಾರೆ. ಮೊದಲು ತಲೆ ಮರೆಯಾಗುತ್ತದೆ, ಆಮೇಲೆ ಬೆನ್ನು, ಕೊನೆಗೆ ಸವೆದ ಬೂಟಿನ ಎರಡು ಹಿಮ್ಮಡಿ. ಇಬ್ಬರು ಬಂದು ಕಿಂಡಿಗೆ ಕಾಂಕ್ರೀಟಿನ ಚಪ್ಪಡಿ ಮುಚ್ಚುತ್ತಾರೆ.

ಕಟ್ಟಡ ಕುಸಿದಾಗ ಒಳಗೆ ಸಿಕ್ಕಿಕೊಂಡವರನ್ನು ಹುಡುಕುವ ರಕ್ಷಣಾ ತಂಡ ಇಲ್ಲಿ ತಾಲೀಮು ಮಾಡುತ್ತದೆ. ಹುಡುಕುವ ರೋಬೋಗಳನ್ನೂ ಮೈಮೇಲೆ ಧರಿಸುವ ಸೆನ್ಸರ್‌ಗಳನ್ನೂ ಪರೀಕ್ಷಿಸುವುದು ಇಲ್ಲೇ. ಹುಡುಕಬೇಕಾದರೆ ಸಿಕ್ಕಿಕೊಂಡವರೊಬ್ಬರು ಇರಬೇಕಲ್ಲ, ಆ ಒಬ್ಬರೇ ಐವತ್ತೇಳು ವರ್ಷದ ಈ ಮೇಸ್ತ್ರಿ. ಇವತ್ತಿನ ಬೆಳಗು ಮಾತ್ರ ದಿನದಂತಲ್ಲ. ಹತ್ತು ಗಂಟೆಗೆ ತಪಾಸಣಾ ಸಮಿತಿ ಬರುತ್ತದೆ. ಹುಡುಕುವ ರೋಬೋ ಕೆಲಸದ ನಡುವೆ ಆಗಾಗ ಒಂದು ನಿಮಿಷ ಸುಮ್ಮನೆ ನಿಲ್ಲುತ್ತದೆ, ಆ ನಿಲುಗಡೆ ಇರಬೇಕೋ ಬೇಡವೋ ಎಂದು ಸಮಿತಿ ತೀರ್ಮಾನಿಸುತ್ತದೆ. ಅದನ್ನು ತೆಗೆದರೆ ಮೇಸ್ತ್ರಿಯ ಕೆಲಸವೇನೂ ಹೋಗುವುದಿಲ್ಲ. ಹೋಗುವುದು ಬೇರೆಯೇ ಒಂದು. ಅದನ್ನು ಅವರು ತಂಡದಲ್ಲಿ ಒಬ್ಬರಿಗೆ ಮಾತ್ರ ಬಾಯಿಬಿಟ್ಟು ಹೇಳಿದ್ದಾರೆ.

ಅಂಗಳದ ನಾಲ್ಕು ಗುಡ್ಡೆಗಳನ್ನೂ ಕಟ್ಟಿದವರು ಅವರೇ. 'ಕಟ್ಟಿದ್ದು ಅನ್ನಬಾರದು, ಕೆಡವಿದ್ದು' ಎಂದು ತಿದ್ದುತ್ತಾರೆ. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ. ಗೋಡೆ ನಿಲ್ಲುವುದು ಹೇಗೆಂದು ಬಲ್ಲವರಿಗೆ ಅದು ಬೀಳುವುದು ಹೇಗೆಂದೂ ಗೊತ್ತಿರುತ್ತದೆ. ತಾರಸಿ ಓರೆಯಾಗಿ ಜಾರಿದರೆ ಎಲ್ಲಿ ಪೊಟರೆ ಉಳಿಯುತ್ತದೆ, ಮೆಟ್ಟಿಲ ಕೆಳಗೆ ಎಷ್ಟು ಗಾಳಿ ಇರುತ್ತದೆ ಎಂಬುದನ್ನು ಲೆಕ್ಕ ಹಾಕಿ ಒಂದೊಂದು ಚಪ್ಪಡಿಯನ್ನೂ ಇಟ್ಟಿದ್ದಾರೆ. ನಡುನಡುವೆ ಮುರಿದ ಕುರ್ಚಿ, ಹರಿದ ಹಾಸಿಗೆ, ಒಂಟಿ ಚಪ್ಪಲಿ ಸಿಕ್ಕಿಸಿದ್ದಾರೆ. ಮನೆಯೊಂದು ಬಿದ್ದರೆ ಬರೀ ಕಲ್ಲು ಬೀಳುವುದಿಲ್ಲ ಎನ್ನುವುದು ಅವರ ವಾದ.

ಅವರು ಮಲಗುವ ಜಾಗ ಆರಡಿ ಉದ್ದ, ಎರಡೂವರೆ ಅಡಿ ಅಗಲ. ಮಗ್ಗುಲು ಬದಲಿಸಬಹುದು, ಎದ್ದು ಕೂರುವ ಹಾಗಿಲ್ಲ. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಒಂದೂವರೆಯಿಂದ ಎರಡು ಗಂಟೆ, ವಾರಕ್ಕೆ ನಾಲ್ಕು ದಿನ. ಆರು ವರ್ಷದಿಂದ ಹೀಗೇ ನಡೆದಿದೆ. ಪಕ್ಕದಲ್ಲಿ ನೀರಿನ ಬಾಟಲಿ ಇರುತ್ತದೆ, ಕೈಗೆಟುಕುವಲ್ಲಿ ಕೆಂಪು ಗುಂಡಿ. ಉಸಿರು ಕಟ್ಟಿದರೆ ಅದನ್ನು ಒತ್ತಬೇಕು. ಇದುವರೆಗೆ ಒಮ್ಮೆಯೂ ಒತ್ತಿಲ್ಲ. ಸಂಜೆ ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಬಟ್ಟೆ ಕೊಡವುತ್ತಾರೆ. ಆಕೆಯ ನಾಲಿಗೆ ಚುರುಕು. "ಎಲ್ಲರ ಗಂಡಂದಿರು ದುಡಿಯೋಕೆ ಹೋಗ್ತಾರೆ, ನಮ್ಮವರು ಹೂತ್ಕೊಳ್ಳೋಕೆ ಹೋಗ್ತಾರೆ" ಎಂದು ನೆರೆಮನೆಯವರಿಗೆ ಕೇಳುವ ಹಾಗೆ ಹೇಳುತ್ತಾರೆ. ರಾತ್ರಿ ಗಂಡ ಕೆಮ್ಮಿದರೆ ಮೊದಲು ಎಚ್ಚರವಾಗುವವರೂ ಆಕೆಯೇ.

ಮೇಸ್ತ್ರಿಯನ್ನು ಹುಡುಕುವ ರೋಬೋ ಸೂಟ್‌ಕೇಸಿನಷ್ಟು ದೊಡ್ಡದು. ಸರಪಳಿ ಗಾಲಿಯ ಮೇಲೆ ತೆವಳುತ್ತದೆ, ಮೂತಿಯಲ್ಲಿ ಮೈಬಿಸಿ ಗುರುತಿಸುವ ಕ್ಯಾಮೆರಾ, ನೆತ್ತಿಯ ಮೇಲೆ ಸದ್ದು ಹಿಡಿಯುವ ಮೈಕು. ಅದಕ್ಕೆ ಅಂಕಿ ಅಕ್ಷರ ಬೆರೆತ ಉದ್ದನೆಯ ಹೆಸರಿದೆ. ಮೇಸ್ತ್ರಿ ಅದನ್ನು ಆಮೆ ಎಂದರು, ಈಗ ತಂಡದವರೆಲ್ಲ ಹಾಗೇ ಕರೆಯುತ್ತಾರೆ. ಆಮೆಯನ್ನು ನೋಡಿಕೊಳ್ಳುವವರು ಯುವ ಇಂಜಿನಿಯರಮ್ಮ. ತಂಡದವರ ಎದೆಗೆ ಕಟ್ಟುವ ಸೆನ್ಸರ್ ಪಟ್ಟಿಗಳ ಉಸ್ತುವಾರಿಯೂ ಅವರದೇ. ಕುಸಿದ ಕಟ್ಟಡದೊಳಗೆ ನುಗ್ಗುವವರ ಎದೆಬಡಿತ, ಉಸಿರು, ಮೈಬಿಸಿ ಎಲ್ಲ ಹೊರಗಿನ ಪರದೆಯಲ್ಲಿ ಕಾಣಬೇಕು. ಪಟ್ಟಿ ಸರಿಯಾಗಿದೆಯೋ ಇಲ್ಲವೋ ನೋಡಲು ಮೇಸ್ತ್ರಿಯ ಎದೆಗೂ ಒಂದು ಕಟ್ಟುತ್ತಾರೆ.

ಇಂಜಿನಿಯರಮ್ಮನ ತಲೆನೋವು ಶುರುವಾಗಿದ್ದು ಅಲ್ಲಿಂದಲೇ. ಗುಡ್ಡೆಯೊಳಗೆ ಮಲಗಿದ ಮೇಸ್ತ್ರಿಯ ಎದೆಬಡಿತ ಸಾಮಾನ್ಯವಾಗಿ ಅರವತ್ತೆರಡು, ಅರವತ್ತಮೂರು. ಚಪ್ಪಡಿ ಮುಚ್ಚಿದರೂ ಅಷ್ಟೇ, ಮೇಲೆ ಯಂತ್ರ ಗುಡುಗಿದರೂ ಅಷ್ಟೇ. ಆದರೆ ತಂಡದ ನಾಯಕರು ಸೀಟಿ ಊದಿದ ಕೂಡಲೇ ಅದು ನೂರಹತ್ತಕ್ಕೆ ಜಿಗಿಯುತ್ತಿತ್ತು. ಈ ಸೀಟಿ ಅಪಾಯದ್ದಲ್ಲ, ಮೌನದ್ದು. ಊದಿದರೆ ಕೆಲಸ ಮಾಡುತ್ತಿದ್ದವರೆಲ್ಲ ಇದ್ದಲ್ಲೇ ನಿಲ್ಲಬೇಕು, ಯಂತ್ರಗಳು ಬಂದ್ ಆಗಬೇಕು, ಯಾರೂ ಪಿಟ್ಟೆನ್ನಬಾರದು. ಹೆಡ್‌ಫೋನ್ ಹಾಕಿಕೊಂಡವರು ಕಲ್ಲಿನಡಿಯ ಸದ್ದಿಗೆ ಒಂದು ನಿಮಿಷ ಕಿವಿಗೊಡುತ್ತಾರೆ. ಇಡೀ ದಿನದಲ್ಲಿ ನೆಮ್ಮದಿಯ ಹೊತ್ತೆಂದರೆ ಅದೇ. ಆಗಲೇ ಈ ಮನುಷ್ಯನ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತದೆ? ಪಟ್ಟಿಯೇ ಕೆಟ್ಟಿದೆ ಎಂದುಕೊಂಡ ಇಂಜಿನಿಯರಮ್ಮ ಮೂರು ಪಟ್ಟಿ ಬದಲಾಯಿಸಿದರು, ತಂತಿ ಬದಲಾಯಿಸಿದರು, ತಯಾರಿಸಿದವರಿಗೆ ಖಾರವಾಗಿಯೇ ಒಂದು ಪತ್ರ ಬರೆದರು. ನಾಲ್ಕನೆಯದೂ ಅದನ್ನೇ ತೋರಿಸಿತು. ಆಗ ಎದೆಬಡಿತದ ಗೆರೆ ಮೂಡಿದ ಕಾಗದ ಹಿಡಿದುಕೊಂಡು ನೇರ ಮೇಸ್ತ್ರಿಯ ಬಳಿಗೇ ಬಂದು, ಇದೇನು ಎಂದು ಕೇಳಿದರು.

ಮೇಸ್ತ್ರಿ ಆ ಗೆರೆಯನ್ನು ತುಂಬ ಹೊತ್ತು ನೋಡಿದರಂತೆ. ಮೊದಲು ಹೇಳಿದ್ದು ಇಷ್ಟು: "ಅದು ಕೆಟ್ಟಿಲ್ಲಮ್ಮ. ಸರಿಯಾಗೇ ತೋರಿಸ್ತಿದೆ."

ಉಳಿದದ್ದನ್ನು ಆಮೇಲೆ ಆಕೆಗೊಬ್ಬರಿಗೇ ಹೇಳಿದರು. ಮೇಸ್ತ್ರಿಗೆ ಒಬ್ಬರು ಅಕ್ಕ ಇದ್ದರು. ಒಂಬತ್ತು ವರ್ಷ ದೊಡ್ಡವರು. ತಾಯಿ ತೀರಿಕೊಂಡಾಗ ಮೇಸ್ತ್ರಿಗೆ ನಾಲ್ಕು ವರ್ಷ, ಅಲ್ಲಿಂದ ಮುಂದೆ ಅಕ್ಕನೇ ತಾಯಿ. ಹೊಲಿಗೆ ಕಲಿತು, ತಮ್ಮನನ್ನು ಸಾಕಿ, ಮದುವೆ ಮಾಡಿ, ಕೊನೆಗೆ ಮೂರಂತಸ್ತಿನ ಕಟ್ಟಡವೊಂದರ ನೆಲಮಹಡಿಯಲ್ಲಿ ಹನ್ನೆರಡು ಮೆಷಿನ್ನಿನ ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕಿಯಾಗಿದ್ದರು. ಮೆಷಿನ್ನುಗಳ ಗದ್ದಲದಲ್ಲಿ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಮೇಜಿನ ಪಕ್ಕದ ನೀರಿನ ಪೈಪಿಗೆ ಕತ್ತರಿಯ ಹಿಡಿಯಿಂದ ಮೂರು ಸಲ ತಟ್ಟುತ್ತಿದ್ದರು. ಟಣ್ ಟಣ್ ಟಣ್ ಎಂದರೆ ಎಲ್ಲರೂ ತಲೆಯೆತ್ತಬೇಕು.

ಎಂಟು ವರ್ಷದ ಹಿಂದೆ ಪಕ್ಕದ ನಿವೇಶನದಲ್ಲಿ ಪಾಯ ತೋಡುತ್ತಿದ್ದಾಗ ಆ ಕಟ್ಟಡ ಕುಸಿಯಿತು. ಸುದ್ದಿ ಕೇಳಿ ಓಡಿಬಂದ ಮೇಸ್ತ್ರಿ ನಾಲ್ಕು ಗಂಟೆ ಕಾಲ ಬರಿಗೈಯಲ್ಲೇ ಕಲ್ಲು ಎತ್ತಿ ಹಾಕಿದರು. ಆಮೇಲೆ ರಕ್ಷಣಾ ತಂಡ ಸೀಟಿ ಊದಿತು. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ನಿಂತಿತು. ಹೆಡ್‌ಫೋನ್ ಹಾಕಿ ಕೂತಿದ್ದವರು ಸ್ವಲ್ಪ ಹೊತ್ತಿಗೆ ಒಂದು ಕೈ ಮೇಲೆತ್ತಿದರು. ಈ ಕೆಲಸದವರ ಸಂಜ್ಞೆಯಲ್ಲಿ ಕೈಯೆತ್ತಿದರೆ, ಏನೋ ಕೇಳಿಸುತ್ತಿದೆ, ಇನ್ನೂ ಸುಮ್ಮನಿರಿ ಎಂದು ಅರ್ಥ. ಮೇಸ್ತ್ರಿಗೆ ಅದು ತಿಳಿಯದು. ಸಿಕ್ಕರು ಎಂದುಕೊಂಡರು. "ಅಕ್ಕಾ" ಎಂದು ಕೂಗುತ್ತ ಗುಡ್ಡೆಯ ಮೇಲೆ ಓಡಿದರು. ಕಾಲಡಿಯ ಕಲ್ಲು ಉರುಳಿತು, ಸುತ್ತ ನಿಂತಿದ್ದವರೂ ತಮ್ಮ ತಮ್ಮವರ ಹೆಸರು ಹಿಡಿದು ಕೂಗಲು ಶುರುಮಾಡಿದರು. ಎಲ್ಲರನ್ನೂ ಸುಮ್ಮನಾಗಿಸಿ ಮತ್ತೆ ಎರಡು ಸಲ ಸೀಟಿ ಊದಿದರು. ಮೂರು ಸಲ ತಟ್ಟಿದಂತಿತ್ತು ಎಂದು ಹೆಡ್‌ಫೋನಿನವರು ಆಗ ಹೇಳಿದ ಆ ಸದ್ದು ಮತ್ತೆ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಸಿಕ್ಕಾಗ ಕೈಯಲ್ಲಿ ಕತ್ತರಿ ಇತ್ತು, ಪಕ್ಕದಲ್ಲಿ ಪೈಪು.

"ಯಾರೂ ಬೈಲಿಲ್ಲ ನನ್ನ" ಎನ್ನುತ್ತಾರೆ ಮೇಸ್ತ್ರಿ. "ಬೈದಿದ್ರೆ ಒಂಚೂರು ಹಗುರ ಆಗ್ತಿತ್ತೇನೋ."

ಅವತ್ತು ಹೆಡ್‌ಫೋನ್ ಹಾಕಿ ಕೂತಿದ್ದವರೇ ಇವತ್ತಿನ ತಂಡದ ನಾಯಕರು. ಎರಡು ವರ್ಷದ ಮೇಲೆ ಮೇಸ್ತ್ರಿಯ ಮನೆ ಹುಡುಕಿಕೊಂಡು ಹೋಗಿ, ತಾಲೀಮಿಗೆ ಗುಡ್ಡೆ ಕಟ್ಟಿಕೊಡಿ ಎಂದು ಕರೆತಂದವರೂ ಅವರೇ. ಆ ದಿನದ ವಿಷಯವನ್ನು ಇಬ್ಬರೂ ಒಮ್ಮೆಯೂ ಎತ್ತಿಲ್ಲ. ಕೆದಕಿ ಕೇಳಿದರೆ ನಾಯಕರು ಮಾತನ್ನು ತೂಗಿ ಆಡುತ್ತಾರೆ. ತಾವು ಕೇಳಿದ್ದು ಕತ್ತರಿಯ ಸದ್ದೋ, ಕಂಬಿ ಸಡಿಲಾದ ಸದ್ದೋ ಇವತ್ತಿಗೂ ಹೇಳಲಾಗದು, ಮೇಸ್ತ್ರಿ ಕೂಗದಿದ್ದರೂ ಅಕ್ಕ ಉಳಿಯುತ್ತಿದ್ದರೆಂದು ಯಾರೂ ಆಣೆ ಮಾಡಲಾರರು ಎನ್ನುತ್ತಾರೆ. ಇದನ್ನು ಮೇಸ್ತ್ರಿಗೆ ಮಾತ್ರ ಅವರು ಹೇಳಿಲ್ಲ. ಹೇಳಿದ್ದರೂ ಮೇಸ್ತ್ರಿ ಒಪ್ಪುತ್ತಿರಲಿಲ್ಲ. ಮೂರು ಸಲ ತಟ್ಟುವ ಕಂಬಿ ಎಲ್ಲಿದೆ ಎಂದು ಕೇಳಿಬಿಡುತ್ತಿದ್ದರು.

ಆಮೆಯಲ್ಲಿದ್ದ ದೋಷವನ್ನು ಕಂಡುಹಿಡಿದವರೂ ಮೇಸ್ತ್ರಿಯೇ. ಒಳಗೆ ಮಲಗಿ ಬೋಲ್ಟಿನಿಂದ ಕಂಬಿಗೆ ಎಷ್ಟು ತಟ್ಟಿದರೂ ಅದು ಕಿವುಡರ ಹಾಗೆ ಮುಂದೆ ಹೋಗುತ್ತಿತ್ತು. ಇಂಜಿನಿಯರಮ್ಮ ಇನ್ನೂ ಸೂಕ್ಷ್ಮವಾದ ಮೈಕು ಹಾಕಿ ನೋಡಿದರು, ಪ್ರಯೋಜನವಾಗಲಿಲ್ಲ. ಒಂದು ದಿನ ಮೇಸ್ತ್ರಿ ಗುಡ್ಡೆಯಿಂದ ಹೊರಬಂದವರೇ, ಧೂಳು ಕೂಡ ಕೊಡವದೆ, "ಅದೂ ನನ್ನ ಹಾಗೇನೇ ಅಮ್ಮಾ. ತಾನು ಸುಮ್ನಿರಲ್ಲ, ಇನ್ನೆಲ್ಲಿ ಕೇಳಿಸುತ್ತೆ?" ಎಂದರು. ನಿಜವೇ. ಗಾಲಿಯ ಕರಕರ, ಒಳಗಿನ ಫ್ಯಾನಿನ ಗುಂಯ್‌ಗುಟ್ಟುವಿಕೆಯಲ್ಲಿ ತಟ್ಟುವ ಸದ್ದು ಮುಳುಗಿ ಹೋಗುತ್ತಿತ್ತು. ಅಂದಿನಿಂದ ಆಮೆ ನಾಲ್ಕು ನಿಮಿಷಕ್ಕೊಮ್ಮೆ ಗಾಲಿ, ಫ್ಯಾನು ಎಲ್ಲ ಬಂದ್ ಮಾಡಿ ಒಂದು ನಿಮಿಷ ಕಿವಿಗೊಟ್ಟು ನಿಲ್ಲುತ್ತದೆ.

ಸಮಿತಿಯ ತಕರಾರು ಇದರ ಮೇಲೆಯೇ. ಗುಡ್ಡೆಯೊಂದನ್ನು ಇಪ್ಪತ್ತು ನಿಮಿಷದಲ್ಲಿ ಹುಡುಕಿ ಮುಗಿಸಬೇಕು. ಅದರಲ್ಲಿ ನಾಲ್ಕು ನಿಮಿಷ ಬರೀ ನಿಂತುಕೊಂಡರೆ ಹೇಗೆ ಎಂದು ಅವರು ಮೊದಲೇ ಬರೆದು ಕಳಿಸಿದ್ದಾರೆ. ಹತ್ತು ಗಂಟೆಗೆ ಬಂದ ಮೂವರಲ್ಲಿ ಹಿರಿಯರು ಮತ್ತೆ ಅದನ್ನೇ ಎತ್ತುತ್ತಾರೆ. ಒಳಗಿರುವವರು ಹೇಗೂ ಕೂಗುತ್ತಾರಲ್ಲ, ಯಂತ್ರ ಯಾಕೆ ನಿಲ್ಲಬೇಕು ಎನ್ನುತ್ತಾರೆ.

"ಕೂಗೋರು ಮೊದಲೇ ಸಿಕ್ಕಿರ್ತಾರೆ ಸಾರ್" ಎನ್ನುತ್ತಾರೆ ನಾಯಕರು. "ನಾವು ಹುಡುಕೋದು ಕೂಗಕ್ಕಾಗದೇ ಇರೋರನ್ನ."

ಬೆಳಗಿನ ತಾಲೀಮು ಮುಗಿಸಿ ಹೊರಬಂದಿದ್ದ ಮೇಸ್ತ್ರಿ ಮತ್ತೆ ಮೂರನೇ ಗುಡ್ಡೆಯೊಳಗೆ ಹೋಗುತ್ತಾರೆ. ಮೊದಲ ಸುತ್ತು ನಿಲುಗಡೆ ಇಲ್ಲದೆ ನಡೆಯುತ್ತದೆ. ಆಮೆ ಹದಿನಾರು ನಿಮಿಷದಲ್ಲಿ ಗುಡ್ಡೆಯನ್ನೆಲ್ಲ ಸುತ್ತಿ ಬರುತ್ತದೆ, ಪರದೆಯ ಮೇಲೆ ಯಾರೂ ಇಲ್ಲ ಎಂದು ಮೂಡುತ್ತದೆ. ದಾರಿ ತೋರಿಸುವ ಗೆರೆಯ ಪ್ರಕಾರ ಮೇಸ್ತ್ರಿಯಿಂದ ನಾಲ್ಕೇ ಅಡಿ ದೂರದಲ್ಲಿ ಅದು ಹಾದುಹೋಗಿದೆ. ದಪ್ಪ ಚಪ್ಪಡಿಯ ಆಚೆಗಿನ ಮೈಬಿಸಿ ಕ್ಯಾಮೆರಾಕ್ಕೆ ಕಂಡಿಲ್ಲ, ತಟ್ಟಿದ ಸದ್ದು ಮೈಕಿಗೆ ಕೇಳಿಲ್ಲ. ಎರಡನೇ ಸುತ್ತಿನಲ್ಲಿ ನಾಯಕರು ಸೀಟಿ ಊದುತ್ತಾರೆ, ಆಮೆ ನಿಲ್ಲುತ್ತದೆ, ಅಂಗಳವೂ ನಿಲ್ಲುತ್ತದೆ. ಆಮೆ ಇನ್ನೂ ದೂರದಲ್ಲಿದೆ, ಮೊದಲ ನಿಲುಗಡೆಯಲ್ಲಿ ಏನೂ ಇಲ್ಲ, ಎರಡನೆಯದರಲ್ಲೂ ಇಲ್ಲ. ಎದೆಪಟ್ಟಿಯ ಪರದೆಯಲ್ಲಿ ಮಾತ್ರ ನೂರಹತ್ತು, ನೂರಹದಿನಾಲ್ಕು ಎಂದು ಅಂಕಿ ಏರುತ್ತಿದೆ. ಮೂರನೆಯ ನಿಲುಗಡೆಯಲ್ಲಿ ಕಲ್ಲಿನಡಿಯಿಂದ ಕೇಳುತ್ತದೆ: ಟಣ್ ಟಣ್ ಟಣ್.

ಇಂಜಿನಿಯರಮ್ಮ ಕೈ ಮೇಲೆತ್ತುತ್ತಾರೆ. ಇನ್ನೂ ಸುಮ್ಮನಿರಿ ಎಂಬ ಆ ಕೈ. ಸಮಿತಿಯವರ ಪೆನ್ನು ಕೂಡ ಅಲ್ಲಾಡುವುದಿಲ್ಲ. ನಿಮಿಷ ಪೂರ್ತಿಯಾಗುತ್ತದೆ, ಆಮೆ ಮೂತಿ ತಿರುಗಿಸಿ ಸೀದಾ ಆ ಜಾಗಕ್ಕೆ ತೆವಳುತ್ತದೆ. ನಾಯಕರು ಗುಡ್ಡೆಗೆ ಬೆನ್ನು ಹಾಕಿ ಕನ್ನಡಕ ಒರೆಸಿಕೊಳ್ಳುತ್ತಾರೆ.

ಚಪ್ಪಡಿ ಸರಿಸಿ ಹೊರಗೆಳೆದಾಗ ಮೇಸ್ತ್ರಿಯ ಕೈಯಲ್ಲಿ ದಿನಾ ತಟ್ಟುವ ಬೋಲ್ಟ್ ಇಲ್ಲ, ಹೊಲಿಗೆಯವರ ದೊಡ್ಡ ಕತ್ತರಿ ಇದೆ. ಎಂಟು ವರ್ಷ ಪೆಟ್ಟಿಗೆಯಲ್ಲಿದ್ದದ್ದನ್ನು ಬೆಳಿಗ್ಗೆ ಹೆಂಡತಿಯೇ ತೆಗೆದು, ಬಟ್ಟೆಯಲ್ಲಿ ಸುತ್ತಿ ಕೊಟ್ಟರಂತೆ. "ಇದರ ಸದ್ದನ್ನ ಯಾರಾದ್ರೂ ಒಂದ್ಸಲ ಪೂರ್ತಿಯಾಗಿ ಕೇಳಿಸ್ಕೊಳ್ಳಲಿ ಅಂತ" ಎನ್ನುತ್ತಾರೆ ಮೇಸ್ತ್ರಿ.

ನಿಲುಗಡೆ ಉಳಿಯುತ್ತದೆ. ಸಮಿತಿ ಹಾಗೆಂದು ಬರೆದುಕೊಟ್ಟು ಹೋಗುತ್ತದೆ. ಅಂಗಳದಲ್ಲಿ ಚಹಾ ಬರುತ್ತದೆ, ಯಾರೋ ಆಮೆಯ ಬೆನ್ನು ತಟ್ಟಿ ನಗುತ್ತಾರೆ. ಮೇಸ್ತ್ರಿ ಗೋಡೆಯ ನೆರಳಲ್ಲಿ ಕೂತು ಕತ್ತರಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಿದ್ದಾರೆ. ಆರು ವರ್ಷದಲ್ಲಿ ಒಂದೇ ಒಂದು ಸಲವೂ ಅವರು ಸೀಟಿಯ ಹೊತ್ತಿಗೆ ಗುಡ್ಡೆಯ ಹೊರಗೆ ನಿಂತವರಲ್ಲ. ಅಪರೂಪಕ್ಕೊಮ್ಮೆ ಒಳಗೆ ಮಲಗುವ ಸರದಿ ಬೇರೆಯವರದಾದರೆ ಏನಾದರೊಂದು ನೆಪ ಹೇಳಿ ಶೆಡ್ಡಿನ ಹಿಂದಕ್ಕೆ ಹೋಗಿಬಿಡುತ್ತಾರೆ. ತಂಡದವರಿಗೆಲ್ಲ ಅದು ಗೊತ್ತು, ಯಾರೂ ಕೇಳುವುದಿಲ್ಲ. ನಿಮಗೆ ಇನ್ನೇನು ಆಸೆಯಿದೆ ಎಂದರೆ ಕತ್ತರಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹೇಳುತ್ತಾರೆ:

"ಯಂತ್ರಕ್ಕೆ ಕಲಿಸಿದ್ದಾಯ್ತು. ಇನ್ನು ನಾನು ಕಲೀಬೇಕು. ಒಂದು ದಿನ ಬೇರೆ ಯಾರನ್ನಾದ್ರೂ ಒಳಗೆ ಮಲಗಿಸಿ ನಾನು ಹೊರಗೆ ನಿಲ್ಬೇಕು. ಸೀಟಿ ಊದಿದ ಮೇಲೆ ಒಂದು ನಿಮಿಷ, ಬಾಯಿ ಮುಚ್ಕೊಂಡು ನಿಲ್ಬೇಕು. ಅಷ್ಟೇ."