ಟ್ರಂಕಿಗೆ ಕಟ್ಟಿದ ಮಡಿಲಕ್ಕಿ

ನಮ್ಮ ಯಜಮಾನರು ಕನಕಪುರದಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ರಜೆ ಬಂದರೆ ಊರ ಹಿಂದಿನ ಗುಡ್ಡ ಹತ್ತಿ ಕೂತು ಅಲ್ಲಿನ ಹಕ್ಕಿ, ಹುಲ್ಲು, ಕಳೆಗಿಡ ಎಲ್ಲವನ್ನೂ ಅಳತೆ ಹಿಡಿದು ಬರೆಯುತ್ತಿದ್ದರು. ಬೇರಿನ ಒಂದೊಂದು ಎಳೆಯೂ ಬರಬೇಕು, ಇಲ್ಲದಿದ್ದರೆ ಊಟಕ್ಕೆ ಏಳುತ್ತಿರಲಿಲ್ಲ. ಬಿಸಿ ಸಾರು ಉಂಡ ಭಾಗ್ಯ ಅವರದಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗುಡ್ಡಕ್ಕೆ ಕ್ವಾರಿ ಬಂತು, ರಸ್ತೆಗೆ ಕಲ್ಲಿನ ಲಾರಿ ಬಂತು. ಆಗ ಇವರು ಚಿತ್ರಗಳನ್ನು ಬೆಂಗಳೂರಿನ ಒಂದು ಮ್ಯೂಸಿಯಂಗೆ ಕೊಟ್ಟುಬಿಡುತ್ತೇನೆ ಎಂದರು. ಅಲ್ಲಿನ ಅಧಿಕಾರಿ ಫೋನಿನಲ್ಲಿ, ಹಕ್ಕಿಗಳದ್ದು ಮಾತ್ರ ಸಾಕು, ಕಳೆಗಿಡ ಇಡಲು ಜಾಗವಿಲ್ಲ ಎಂದ. ಇವರ ಮುಖ ಸಣ್ಣದಾಯಿತು.

"ಕೊಟ್ರೆ ಎಲ್ಲಾನೂ ಕೊಡೋದು, ಇಲ್ದಿದ್ರೆ ಒಂದೂ ಇಲ್ಲ ಕಣೆ."

"ಚಿತ್ರ ತುಂಬಿರೋ ಟ್ರಂಕ್ನೇ ತಕ್ಕಂಡೋಗಿ ಅವರ ಮುಂದೆ ಇಡಿ. ನಾನೂ ಬತ್ತೀನಿ," ಎಂದೆ.

ನಮ್ಮ ಮನೆಯಲ್ಲಿ ಬೆಳೆದದ್ದು ಬೇರೆ ಮನೆ ಸೇರಲು ಹೊರಟಿತ್ತು. ಬರಿದಾಗಿ ಕಳಿಸುವುದುಂಟೇ? ಇವರು ಸ್ನಾನಕ್ಕೆ ಹೋದಾಗ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕಟ್ಟುವ ಹಾಗೆ ಅಕ್ಕಿ, ಅರಿಸಿನದ ಕೊಂಬು, ಕೊಬ್ಬರಿ ಬಟ್ಟಲನ್ನು ರವಿಕೆ ಕಣದಲ್ಲಿ ಗಂಟು ಕಟ್ಟಿ ಟ್ರಂಕಿನೊಳಗೆ ಇಟ್ಟೆ. ಕುಂಕುಮ ಇಡಲಿಲ್ಲ. ಚಿತ್ರಕ್ಕೆ ಕಲೆಯಾಗುತ್ತದೆಂಬ ಬುದ್ಧಿ ನನಗೂ ಇತ್ತು.

ಲಾರಿ ಓಡಾಡಿ ಹಳ್ಳ ಬಿದ್ದ ರಸ್ತೆ. ಬಸ್ಸು ಕುಣಿಸಿದ ರಭಸಕ್ಕೆ ಗಂಟು ಬಿಚ್ಚಿತು. ಮ್ಯೂಸಿಯಂನಲ್ಲಿ ಅಧಿಕಾರಿ ಮೇಲಿನ ರಣಹದ್ದಿನ ಚಿತ್ರ ಎತ್ತಿದರೆ ಜರ್ರೆಂದು ಅಕ್ಕಿ ಸುರಿಯಿತು.

"ಏನ್ ಸರ್ ಇದು? ಕಾಳು ಒಳಗೆ ಬಂದ್ರೆ ಹುಳ ಬೀಳತ್ತೆ. ಕಾಗದ ಎಲ್ಲಾ ತಿಂದ್ಬಿಡತ್ತೆ."

ಯಜಮಾನರು ನನ್ನ ಕಡೆ ತಿರುಗಿದರು. "ನಿಂದೇನೇ ಕೆಲ್ಸ?"

"ಮಡಿಲಕ್ಕಿ ಕಣ್ರೀ. ನೀವಂತೂ ಕಟ್ನಿಲ್ಲ."

ಒಂದು ಕಾಳೂ ಉಳಿಯಬಾರದು ಎಂದು ಅಧಿಕಾರಿಯೇ ಬ್ರಷ್ ಹಿಡಿದು ಒಂದೊಂದೇ ಹಾಳೆ ಒರೆಸತೊಡಗಿದ. ಹಕ್ಕಿ ಮುಗಿದು ಕಳೆಗಿಡ ಬಂತು. ಅವನ ಕೈ ನಿಧಾನವಾಯಿತು. ಬಂಡೆ ಸಂದಿಯ ಒಂದು ಹುಲ್ಲು. ಮೊಳಕೆಯಿಂದ ಬೀಜ ಉದುರುವವರೆಗೆ ಒಂದೇ ಹಾಳೆಯಲ್ಲಿ ಬರೆದಿದ್ದರು. ಅವನು ಬ್ರಷ್ ಕೆಳಗಿಟ್ಟು ಕನ್ನಡಕ ಹಾಕಿಕೊಂಡ.

"ಇದು ಎಲ್ಲಿ ಸಿಗತ್ತೆ ಸರ್? ನಾನು ಬಂದು ನೋಡಬೇಕು."

"ಈಗ ಸಿಗಾಕಿಲ್ಲ. ಆ ಬಂಡೆ ಕ್ರಷರ್‌ಗೋಯ್ತು."

ಅವನು ಆ ಹಾಳೆಯನ್ನು ಎತ್ತಿ ಹಕ್ಕಿ ಚಿತ್ರಗಳ ಮೇಲೇ ಇಟ್ಟ. ಆಮೇಲೆ, "ಎಲ್ಲಾ ಇಲ್ಲೇ ಇರಲಿ ಸರ್. ಜಾಗ ನಾನು ಮಾಡ್ತೀನಿ," ಎಂದ. ನನ್ನ ಕಡೆ ತಿರುಗಿ, "ಅಕ್ಕಿ ಮಾತ್ರ ನೀವು ವಾಪಸ್ ತಗೊಂಡು ಹೋಗಿ ಅಜ್ಜಿ."

"ಕೊಟ್ಟ ಮಡಿಲಕ್ಕಿ ವಾಪಸ್ ತಕ್ಕಳಾದುಂಟೇನಪ್ಪ? ನಿಮ್ಮನೆಗೆ ತಕ್ಕಂಡೋಗಿ ಪಾಯಸ ಮಾಡ್ಸು."

ಪಾಪ, ಗುಡಿಸಿದ ಅಕ್ಕಿಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡ.

ವಾಪಸ್ ಬಸ್ಸಿನಲ್ಲಿ ಕಂಡಕ್ಟರ್ ಖಾಲಿ ಟ್ರಂಕನ್ನು ಕಾಲಲ್ಲಿ ಸರಿಸಿ, "ಒಳಗೇನೈತೆ ಯಜಮಾನ್ರೆ?" ಎಂದು ಕೇಳಿದ. ಜನ್ಮದಲ್ಲಿ ಗಟ್ಟಿಯಾಗಿ ಮಾತಾಡದ ನಮ್ಮವರು ಹಿಂದಿನ ಸೀಟಿಗೂ ಕೇಳುವ ಹಾಗೆ ಹೇಳಿದರು:

"ಏನೂ ಇಲ್ಲ ಕಣಪ್ಪ. ಮ್ಯೂಸಿಯಂನೋರು ಎಲ್ಲಾನೂ ತಕ್ಕಂಡ್ರು."