ಹೊನ್ನಾಜಿಯ ಮೊಸಳೆ

ಒಂದು ಕಾಲದಲ್ಲಿ ನಾನು ರಾಣಿಯಾಗಿದ್ದೆ. ನಗಬೇಡಿ. ಸುರಪುರ ಸೀಮೆಯ ನಮ್ಮೂರಿನ ಬಯಲಾಟದಲ್ಲಿ ಹೆಣ್ಣುವೇಷಕ್ಕೆ ಕೀರಲು ದನಿಯ ಗಂಡಸು ಬೇಕಿತ್ತು. ಅಂಥ ದನಿಯನ್ನು ದೇವರು ನನಗೆ ಧಾರಾಳವಾಗಿ ಕೊಟ್ಟಿದ್ದ. ಮೀಸೆಯ ಮೇಲೆ ಪೌಡರ್ ಬಳಿದುಕೊಂಡು, ಹಾಲಿನಲ್ಲಿ ಮಿಂದು, ಉಪ್ಪು ಕಡಿಮೆಯಾಯಿತೆಂದು ಅಡುಗೆಯವನನ್ನು ಮೊಸಳೆಯ ಬಾಯಿಗೆ ಎಸೆಯುತ್ತಿದ್ದೆ. ಜನ ಕೇಕೆ ಹಾಕುತ್ತಿದ್ದರು. ಹೀಗೆ ನಾನು ಕುಣಿದು ಕೆಡಿಸಿದ ಹೆಸರು ಹೊನ್ನಾಜಿಯದು. ಹಿಂದೆ ನಮ್ಮೂರ ಗಢಿಯನ್ನೂ, ಅಂದರೆ ಈಗ ಹಾಳುಬಿದ್ದ ಕೋಟೆಯನ್ನೂ, ಅದರ ಬುಡದ ಕೆರೆಯನ್ನೂ ಆಳಿದವಳು. ಇಂದಿಗೂ ಯಾವ ಹೆಂಗಸಾದರೂ ದನಿ ಏರಿಸಿದರೆ, "ಬಂದ್ಲು ನೋಡ್ರಿ ಹೊನ್ನಾಜಿ" ಎನ್ನುತ್ತಾರೆ.

ಆ ಮೊಸಳೆ ಎಲ್ಲಿಂದ ಬಂತೆಂದು ನಾನು ಕೇಳಿದವನೇ ಅಲ್ಲ. ನಮ್ಮ ಕೆರೆಯಲ್ಲಿ ಎಮ್ಮೆ ಮಲಗಿದರೂ ಬೆನ್ನು ಒದ್ದೆಯಾಗುವುದಿಲ್ಲ! ಅಜ್ಜಿ ಹೇಳುತ್ತಿದ್ದ ಕಥೆಯೇ ಬೇರೆ. ಹೊನ್ನಾಜಿ ಛತ್ರಿ ಹಿಡಿದು ಕೆರೆ ಏರಿಯ ಮೇಲೆ ನಿಂತು, ಎಲ್ಲರ ಹೊಲಕ್ಕೂ ಸರದಿಯಂತೆ ನೀರು ಬಿಡಿಸುತ್ತಿದ್ದಳಂತೆ. ಸರದಿ ತಪ್ಪಿಸಿದನೆಂದು ಈಗಿನ ನಮ್ಮೂರ ಗೌಡರ ಹಿರೀಕನನ್ನು ಊರೆದುರೇ ಬೈದಳಂತೆ. ಅವಳು ಸತ್ತ ಮೇಲೆ ಕೆರೆಯ ಕೆಳಗಿನ ಜಮೀನು ಗೌಡರದಾಯಿತು, ಬಯಲಾಟವೂ ಶುರುವಾಯಿತು. ಆಟದ ಖರ್ಚೆಲ್ಲ ಅವರ ಮನೆಯದೇ. ರಾಣಿಗೆ ವರ್ಷಕ್ಕೊಂದು ಹೊಸ ದುರ್ಗುಣ ಸೇರುತ್ತಾ ಬಂತು.

ನನಗೆ ಮಗಳು ಹುಟ್ಟಿದಳು. ನಮ್ಮಲ್ಲಿ ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಊದುವ ಹಕ್ಕು ಸೋದರತ್ತೆಯದು. ಊದಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನನ್ನ ತಂಗಿ ಮಲ್ಲಮ್ಮ ಅಜ್ಜಿಯ ಕಥೆ ಕೇಳಿ ಬೆಳೆದವಳು. "ಹೊನ್ನಾಜಿ ಅಂತನ ಇಡಾಕಿ ನಾನು" ಎಂದಳು.

ಕೆಂಭಾವಿಯಿಂದ ಬಂದಿದ್ದ ನಮ್ಮತ್ತೆ, ನನ್ನ ಹೆಂಡತಿಯ ತಾಯಿ, ಸಿಡಿದೆದ್ದರು. "ಮೊಸಳಿ ಸಾಕಿದಾಕಿ ಹೆಸರೇನು? ನಾಳಿ ಈ ಕೂಸಿಗಿ ಗಂಡ ಯಾರ್ ಸಿಗ್ತಾನ? ಪಿಂಕಿ ಅಂತಿಡ್ರಿ. ಇಲ್ಲಂದ್ರ ಕೂಸಿನ್ನ ಎತ್ಕೊಂಡು ಈಗ ಹೊಂಟೆ." ಹೆಂಡತಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದಳು. ಮಾಜಿ ರಾಣಿಯಾದ ನಾನು ಕಂಬಕ್ಕೆ ಒರಗಿ ನಿಂತೆ. ಮಗಳಿಗೆ ಆ ಹೆಸರು ಬೇಕೆಂದು ನನಗೂ ಆಸೆ ಇತ್ತು, ಕಂಬವನ್ನು ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ಯಾರೋ ಕೂಗಿದರು: "ಕಾಲವಿ ನೀರು ನಿಂತಾವ್ರಿ!" ಈಗ ಹೊಲಗಳಿಗೆ ಕಾಲುವೆಯ ನೀರು, ನಮ್ಮ ಹೊಲ ಅದರ ಕೊನೆಯಲ್ಲಿ. ನಮ್ಮ ಸರದಿಯ ದಿನವೇ ಮೇಲಿನ ಹೊಲದವರು ಮಣ್ಣಿನ ಚೀಲ ಒಟ್ಟಿ ನೀರು ತಿರುಗಿಸಿದ್ದರು. ಊಟಕ್ಕೆ ಬಂದಿದ್ದ ಗೌಡರು, "ಅರ್ಜಿ ಕೊಡೂಣು" ಎಂದು ಹೋಳಿಗೆಗೆ ಕೈ ಹಾಕಿದರು. ಮಲ್ಲಮ್ಮ ಮಾತ್ರ ಮೂಲೆಯಲ್ಲಿದ್ದ ಛತ್ರಿ ಎತ್ತಿಕೊಂಡು ಬಿಸಿಲಿಗೆ ಇಳಿದಳು. ಅದು ನಮ್ಮತ್ತೆಯ ಹೊಸ ಛತ್ರಿ. "ನನ್ನ ಛತ್ರಿ! ನನ್ನ ಛತ್ರಿ!" ಎಂದು ಅವರು ಹಿಂದೆ ಓಡಿದರು, ಅವರ ಹಿಂದೆ ನಾನು.

ಕಾಲುವೆ ದಂಡೆಯ ಮೇಲೆ ನಿಂತು ಮಲ್ಲಮ್ಮ ಬೈಯಲು ತೊಡಗಿದಳು. ಮೇಲಿನವನೊಬ್ಬ, "ಮುದುಕೀನ ಯಾಕ ಕರ್ಕೊಂಡು ಬಂದಿ?" ಎಂದದ್ದೇ ತಪ್ಪಾಯಿತು. ನಮ್ಮತ್ತೆ ಛತ್ರಿ ಕಸಿದುಕೊಂಡು, ಅದನ್ನೇ ಬೀಸುತ್ತಾ, ಅವನ ಮೂರು ತಲೆಮಾರಿನ ಯೋಗಕ್ಷೇಮ ವಿಚಾರಿಸಿದರು. ನಾನು ಆಡಿದ ಯಾವ ರಾಣಿಗೂ ಅಂಥ ದನಿ ಇರಲಿಲ್ಲ. ಆಚೆಯಿಂದ ಕೂಗು ಬಂತು: "ಇಬ್ಬರು ಹೊನ್ನಾಜಿ ಬಂದಾರಲೇ, ತೆಗೀರಿ ಚೀಲ!"

ನೀರು ಬಂತು. ಹಿಂದಿರುಗುವಾಗ ಅತ್ತೆ ಛತ್ರಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನು ಕೇಳಿದರು.

"ಆಕಿಗಿ ಖರೇನ ಮೊಸಳಿ ಇತ್ತೇನಪಾ?"

"ಇಲ್ಲರಿ. ಛತ್ರಿ ಇತ್ತರಿ."

ಮಲ್ಲಮ್ಮ ಹೆಸರು ಊದಿದಾಗ ಅವಳ ಬೆನ್ನಿಗೆ ಬಿದ್ದ ಮೊದಲ ಗುದ್ದು, ಎಲ್ಲಕ್ಕಿಂತ ಜೋರಿನದು, ನಮ್ಮತ್ತೆಯದೇ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಂದಹಾಗೆ, ಕಾಲುವೆಯ ಕೊನೆಯಲ್ಲಿ ಗೌಡರ ಹೊಲವೂ ಇದೆ, ಅಂದು ಬಂದ ನೀರು ಅದಕ್ಕೂ ಹರಿದಿತ್ತು. ಆ ವರ್ಷದ ಬಯಲಾಟಕ್ಕೆ ಅವರೇ ಬಂದು, "ಮೊಸಳಿ ಸಾಕು, ತೆಗೀರಿ" ಎಂದರು. ಹಾಲಿನ ಸ್ನಾನ ಇನ್ನೂ ಉಳಿದಿದೆ. ಅದು ಹೋಗಬೇಕಾದರೆ ನೀರು ಇನ್ನೊಮ್ಮೆ ನಿಲ್ಲಬೇಕು. ಅವಸರವಿಲ್ಲ, ತೊಟ್ಟಿಲಲ್ಲಿ ನಮ್ಮ ಹೊನ್ನಾಜಿ ದಿನಕ್ಕಿಷ್ಟು ಗಂಟಲು ಸಾಧನೆ ಮಾಡುತ್ತಿದ್ದಾಳೆ.